ಬಸವಲಿಂಗ ಸರಿಸಿದ ಚೆಂಡು

ಬಸವಲಿಂಗನಿಗೆ ಗಾಲ್ಫ್ ಬರುತ್ತಿರಲಿಲ್ಲ ಎಂದು ಅವನನ್ನು ಬಲ್ಲವರು ಈಗಲೂ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ವಾಡಿ ಊರಿನ ಹೊರಗೆ, ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಅವನದೊಂದು ಇತ್ತು. ಅದರ ಹಿಂದೆ ಮುಚ್ಚಿದ ಹಳೆಯ ಕಲ್ಲುಗಣಿ. ಐವತ್ತೊಂದನೆಯ ವಯಸ್ಸಿನಲ್ಲಿ, ಮೊಬೈಲಿನಲ್ಲಿ ನೋಡಿಕೊಂಡು, ಆ ಗಣಿಯ ಮಣ್ಣಿನ ಮೇಲೆ ಅವನು ಆಟ ಕಲಿತ.

"ಹೆಂಟಿ ಒಡೀಲಿಕ್ಕ ಇಷ್ಟು ತುಟ್ಟಿ ಕೋಲು ಬೇಕಾಗಿತ್ತೇನ್ರಿ?" ಎಂದು ಹೆಂಡತಿ ಚಂದಮ್ಮ ಕೇಳಿದ್ದಳು.

"ಹೆಂಟಿ ಅಲ್ಲಲೇ, ಗಿರಾಕಿ ಹೊಡೀಲಿಕತ್ತೀನಿ," ಎಂದಿದ್ದ.

ಗಿರಾಕಿ ಎಂದರೆ ಸಾಯಿಕುಮಾರ. ಹೈದರಾಬಾದಿನ ಕಟ್ಟಡ ಕಂಪನಿಯೊಂದರಲ್ಲಿ ಕಲ್ಲು, ಟೈಲ್ಸ್ ಕೊಳ್ಳುವ ಅಧಿಕಾರ ಅವನದು. ತಾಯಿಯ ತವರು ಚಿಂಚೋಳಿಯ ಐನಾಪುರ. ಹಾಗಾಗಿ ಕನ್ನಡ ಬರುತ್ತಿತ್ತು. ಕಂಪನಿ ಕಟ್ಟುತ್ತಿದ್ದ ದೊಡ್ಡ ಹಾಸ್ಟೆಲ್ಲಿನ ನೆಲಕ್ಕೆ ಫರಸಿ ಹಾಸಬೇಕೋ ಟೈಲ್ಸೋ ಎಂಬುದನ್ನು ಅವನೇ ತೀರ್ಮಾನಿಸಬೇಕಿತ್ತು. ಬಸವಲಿಂಗನ ನಾಲ್ಕು ಯಂತ್ರಗಳಲ್ಲಿ ಮೂರು ಆಗಲೇ ನಿಂತಿದ್ದವು. ಈ ಆರ್ಡರ್ ಬರದಿದ್ದರೆ ನಾಲ್ಕನೆಯದೂ ನಿಲ್ಲುತ್ತದೆ, ಇಪ್ಪತ್ತೆರಡು ಮಂದಿ ಮನೆಗೆ ಹೋಗುತ್ತಾರೆ ಎಂದು ಅವನು ಎಲ್ಲರೆದುರೇ ಹೇಳಿದ್ದ.

ತಿಂಗಳಿಗೊಂದು ಭಾನುವಾರ ಸಾಯಿಕುಮಾರ ಸೇಡಂ ಕಡೆಯ ಕಾರ್ಖಾನೆ ಕಾಲೊನಿಯೊಂದರ ಮೈದಾನಕ್ಕೆ ಆಡಲು ಬರುತ್ತಿದ್ದ. ಒಂಬತ್ತು ಕುಳಿಗಳ ಸಣ್ಣ ಮೈದಾನ. ಹುಲ್ಲಿನ ನಡುನಡುವೆ ಬಂಡೆ ತಲೆ ಎತ್ತಿರುತ್ತಿತ್ತು. ಐದು ತಿಂಗಳು ಬಸವಲಿಂಗ ಅವನ ಜೊತೆ ನಡೆದ. ವ್ಯಾಪಾರದ ಮಾತು ಒಮ್ಮೆಯೂ ಎತ್ತಲಿಲ್ಲ. ಸಾಯಿಕುಮಾರನ ತಾಯಿಯ ಮೊಣಕಾಲು ನೋವು, ಮಗಳ ಈಜು, ಅವನಿಗೆ ರೊಟ್ಟಿಯ ಜೊತೆ ಚಂದಮ್ಮನ ಶೇಂಗಾ ಹಿಂಡಿ ಸೇರುವುದು ಎಲ್ಲ ಗೊತ್ತಾಯಿತು.

"ಈ ಆಟದಾಗ ಅಂಪೈರ್ ಇರಂಗಿಲ್ಲ ಬಸವಲಿಂಗಪ್ಪೋರೆ," ಎಂದು ಸಾಯಿಕುಮಾರ ಮೊದಲ ದಿನವೇ ಹೇಳಿದ್ದ. "ಚೆಂಡು ಬಿದ್ದಲ್ಲಿಂದಲೇ ಹೊಡೀಬೇಕು, ನಮ್ಮ ಏಟು ನಾವೇ ಎಣಿಸ್ಕೋಬೇಕು. ಅದಕ್ಕೇ ನನಗಿದು ಸೇರ್ತದ."

ಆರನೆಯ ಭಾನುವಾರ ಕಾರಿನಿಂದ ಇಳಿಯುತ್ತಲೇ, "ಇವತ್ತು ಆಟ ಮುಗಿದ ಮ್ಯಾಲ ಕುಂತು ಮಾತಾಡೋಣು," ಎಂದ.

ಏಳನೆಯ ಕುಳಿಯ ಹತ್ತಿರ ಸಾಯಿಕುಮಾರನ ಚೆಂಡು ಪೊದೆಯ ಆಚೆ ಬಿದ್ದಿತು. ಬಸವಲಿಂಗ ಮುಂದೆ ಹೋಗಿ ಹುಡುಕಿದ. ಚೆಂಡು ಎರಡು ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಗಣಿಗೆ ಗಿರಾಕಿ ಇಳಿಯುವಾಗ ಒಂದು ಹೆಜ್ಜೆ ಮುಂದೆ ನಡೆದು, ಕಾಲಿಗೆ ತಾಗುವ ಕಲ್ಲಿನ ಚೂರುಗಳನ್ನು ಬದಿಗೆ ತಳ್ಳುವುದು ಫರಸಿ ವ್ಯಾಪಾರಿಗಳ ರೂಢಿ. ಅವನ ತಂದೆ ಅದನ್ನೇ ಮಾಡುತ್ತಿದ್ದ, ಅವನೂ ಮೂವತ್ತು ವರ್ಷ ಮಾಡಿದ್ದ. ಮನಸ್ಸು ಯೋಚಿಸುವ ಮೊದಲೇ ಕಾಲು ಕೆಲಸ ಮಾಡಿತು. ಚೆಂಡು ಹುಲ್ಲಿನ ಮೇಲೆ ಬಂದು ನಿಂತಿತು.

"ಸಿಕ್ತೇನ್ರಿ?"

"ಇಲ್ಲೇ ಅದ ಸಾರ್. ಛಲೋ ಜಾಗಾದಾಗ ಅದ."

ಸಾಯಿಕುಮಾರ ಬಂದು ಹೊಡೆದ. ಚೆಂಡು ಕುಳಿಯಿಂದ ಒಂದು ಮೊಳ ದೂರ ನಿಂತಿತು. ಮುಂದಿನ ಏಟಿಗೆ ಒಳಗೆ ಬಿದ್ದಿತು. ಆ ಕುಳಿಯನ್ನು ನಾಲ್ಕು ಏಟಿಗೆ ಮುಗಿಸಿದ್ದು ಅವನ ಜನ್ಮದಲ್ಲೇ ಮೊದಲ ಸಲ. ಏಟಿನ ಲೆಕ್ಕದ ಚೀಟಿಯಲ್ಲಿ ನಾಲ್ಕು ಎಂದು ಬರೆದ. ಚೀಟಿಯ ಫೋಟೋ ತೆಗೆದು ಗೆಳೆಯರಿಗೆಲ್ಲ ಕಳಿಸಿದ.

ಎಂಟನೆಯ ಕುಳಿಗೆ ನಡೆಯುತ್ತ ಬಸವಲಿಂಗ ಲೆಕ್ಕ ಹಾಕಿದ. ಹೇಳಿದರೆ ಮನುಷ್ಯನ ಸಂತೋಷವನ್ನು ಅವನ ಗೆಳೆಯರೆದುರೇ ಕಿತ್ತುಕೊಂಡಂತೆ. ಹೇಳದಿದ್ದರೆ ಗೊತ್ತಾಗುವ ದಾರಿಯೇ ಇಲ್ಲ. ಆರ್ಡರ್ ಕಣ್ಣೆದುರಿಗಿತ್ತು. ಒಂಬತ್ತನೆಯದನ್ನು ಹೇಗೆ ಆಡಿದನೆಂದು ಅವನಿಗೆ ಆಮೇಲೆ ನೆನಪಿರಲಿಲ್ಲ. ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದರು. ಸಾಯಿಕುಮಾರ ರೊಟ್ಟಿ ಮುರಿಯುತ್ತ, "ಹೂಂ, ನಿಮ್ಮ ಫರಸಿ ಮಾತಿಗೆ ಬರೋಣು," ಎಂದ.

"ಸಾರ್, ಮೊದಲ ಒಂದು ಮಾತು. ಏಳನೇದಾಗ ನಿಮ್ಮ ಚೆಂಡು ಕಲ್ಲಿನ ಸಂದ್ಯಾಗ ಇತ್ತು. ನಾನು ಕಾಲಿಲೆ ಸರಿಸೀನಿ."

ಸಾಯಿಕುಮಾರ ರೊಟ್ಟಿ ಕೆಳಗಿಟ್ಟ.

"ಯಾಕ?"

"ಗಿರಾಕಿ ಕಾಲಿಗೆ ಕಲ್ಲು ತಾಗಬಾರದಂತ. ರೂಢಿ ಆಗ್ಯದ್ರಿ."

"ನಾ ಕೇಳಿದ್ದೆನೇನು?"

"ಇಲ್ರಿ."

ಸಾಯಿಕುಮಾರ ಚೀಟಿ ತೆಗೆದು ನಾಲ್ಕನ್ನು ಹೊಡೆದುಹಾಕಿದ. ಗೆಳೆಯರಿಗೆ ಏನೋ ಬರೆದ. ಬರೆಯಲು ಬಹಳ ಹೊತ್ತು ತೆಗೆದುಕೊಂಡ. ಊಟ ಅರ್ಧಕ್ಕೆ ಬಿಟ್ಟು ಎದ್ದು ಕಾರು ಹತ್ತಿದ.

ಹನ್ನೊಂದು ದಿನ ಫೋನ್ ಬರಲಿಲ್ಲ. "ಗೆಲ್ಲಿಸಿ ಸೋತ್ರಲ್ಲ," ಎಂದು ಚಂದಮ್ಮ ಒಮ್ಮೆ ಅಂದಳು, ಮತ್ತೆ ಆ ಮಾತು ತೆಗೆಯಲಿಲ್ಲ. ಬಸವಲಿಂಗ ಓಡುತ್ತಿದ್ದ ಒಂದೇ ಯಂತ್ರದ ಪಕ್ಕ ದಿನವಿಡೀ ಕುಳಿತಿರುತ್ತಿದ್ದ.

ಹನ್ನೆರಡನೆಯ ದಿನ ಸಾಯಿಕುಮಾರ ಹೇಳದೆ ಕೇಳದೆ ಕಾರ್ಖಾನೆಗೆ ಬಂದ. ಬಸವಲಿಂಗನಿಗೆ ತಲೆಯಾಡಿಸಿ, ನೇರ ಫರಸಿ ಆರಿಸುವ ಜಾಗಕ್ಕೆ, ಮಾಸುಮಬಿಯ ಹತ್ತಿರ ಹೋದ. ಆಕೆ ಅಲ್ಲಿ ಹತ್ತೊಂಬತ್ತು ವರ್ಷದಿಂದ ಫರಸಿ ಆರಿಸುವವಳು. ಪ್ರತಿ ಕಲ್ಲನ್ನೂ ಬೆರಳ ಗೆಣ್ಣಿನಿಂದ ಬಡಿದು ಕೇಳುತ್ತಿದ್ದಳು. ಖಣ್ ಎಂದರೆ ಗಟ್ಟಿ. ಮಂದ ಸದ್ದು ಬಂದರೆ ಒಳಗೆ ಬಿರುಕು.

"ಸಾವ್ಕಾರ್ರು ಹೇಳಿದ್ರ ಬಿರುಕು ಕಲ್ಲು ಪಾಸ್ ಮಾಡ್ತಿ ಏನವ್ವ?"

"ಕಲ್ಲಿನ ಸದ್ದಿಗಿ ಸಾವ್ಕಾರ್ರ ಕಿವಿ ಮಂದ ಅವ ಸಾಬ್. ಅವರಿಗೇನ್ ಕೇಳ್ಬೇಕು?"

ಸಾಯಿಕುಮಾರ ನಗಲಿಲ್ಲ. ಮೂರು ತಾಸು ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ತಾನೂ ಕಲ್ಲು ಬಡಿದ. ಎದ್ದಾಗ ಬಸವಲಿಂಗನಿಗೆ ಹೇಳಿದ: "ಆರ್ಡರ್ ಕೊಡ್ತೀನಿ. ಒಂದು ಶರತ್ತು. ಆರಿಸೋ ಕಲ್ಲಿಗೆ ನಿಮ್ಮ ಕೈ ಹತ್ತಬಾರದು. ಈಕಿ ಬಡಿದದ್ದಷ್ಟೇ ಲಾರಿ ಏರಬೇಕು. ನೀವು ಮುಚ್ಚಿಡಂಗಿಲ್ಲ, ಖರೆ. ಆದ್ರ ಕೇಳಲಾರದೇ ಉಪಕಾರ ಮಾಡ್ತೀರಿ. ಅದು ನನಗ ಭಾಳ ಅಂಜಿಕಿ."

ಮೂವತ್ತು ವರ್ಷ ಕಲ್ಲು ನೋಡಿದವನಿಗೆ ಆ ಮಾತು ಇರಿಯಿತು. ಅವನು ಒಪ್ಪಿದ. ವಾರದೊಳಗೆ ಉಳಿದ ಮೂರು ಯಂತ್ರಗಳೂ ಶುರುವಾದವು. ಆಮೇಲೂ ಇಬ್ಬರೂ ಭಾನುವಾರ ಆಡಿದರು, ಆದರೆ ಚೆಂಡು ಹುಡುಕಲು ಯಾವಾಗಲೂ ಒಟ್ಟಿಗೇ ಹೋಗುತ್ತಿದ್ದರು.

ಈ ಮಾಘದಲ್ಲಿ ಬಸವಲಿಂಗನ ಎದೆಬಡಿತ ನಿಂತಿತು, ಬೆಳಿಗ್ಗೆ, ಲಿಂಗಪೂಜೆ ಮುಗಿಸಿ ನೀರು ಕುಡಿಯುವ ಮೊದಲು. ಐವತ್ತನಾಲ್ಕು ವಯಸ್ಸು. ಹೊಲದಲ್ಲಿ ಮಣ್ಣು ಮಾಡಿದರು. ಸಮಾಧಿಯ ಮೇಲೆ ಹಾಸಲು ಕಾರ್ಖಾನೆಯಿಂದ ಫರಸಿ ತಂದಾಗ, ಹೈದರಾಬಾದಿನಿಂದ ಬಂದಿದ್ದ ಸಾಯಿಕುಮಾರ ಒಂದು ಕಲ್ಲನ್ನು ತೋರಿಸಿ, ಇದು ಚೆನ್ನಾಗಿದೆ ಎಂದ. ಮಾಸುಮಬಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಅದನ್ನು ಬಡಿದು ಕೇಳಿ ಬದಿಗಿಟ್ಟಳು. ಇನ್ನೆರಡನ್ನೂ ಬದಿಗಿಟ್ಟಳು. ನಾಲ್ಕನೆಯದಕ್ಕೆ ಎರಡು ಸಲ ಬಡಿದು, "ಇದು ಹಾಕ್ರಿ," ಎಂದಳು.