ನಂಜಮ್ಮನ ಏಡಿ ಮಡಕೆ

ನಂಜಮ್ಮನ ಹಿತ್ತಿಲ ಮಡಕೆಯ ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಳ್ಳಬೇಕು. ನಾಲೆಯಲ್ಲಿ ಹಿಡಿದು ಜಜ್ಜಿದ ಏಡಿಗಳು ಅದರೊಳಗೆ ನಾಲ್ಕು ದಿನ ಕೊಳೆತು ಬೂದು ಲೋಳೆಯಾಗಿರುತ್ತವೆ. ಹೊಳೆನರಸೀಪುರದ ಬಳಿ ಅವರದು ಮುಕ್ಕಾಲು ಎಕರೆ ಗದ್ದೆ. ಭತ್ತದ ತೆನೆಗೆ ಹಾಲು ತುಂಬುವಾಗ ಆ ಲೋಳೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲುಗಳಿಗೆ ನೇತುಹಾಕುತ್ತಾರೆ. ಕಾಳಿನ ಹಾಲು ಹೀರುವ ಭತ್ತದ ತಿಗಣೆ ಹುಳುಗಳು ತೆನೆ ಬಿಟ್ಟು ಆ ನಾತಕ್ಕೆ ಬಂದು ಮುತ್ತುತ್ತವೆ. ಆಗ ಗಂಟಿನ ಮೇಲೆ ಚೀಲ ಹಾಕಿ ಹಿಡಿದು ಸೋಪಿನ ನೀರಿಗೆ ಅದ್ದಬೇಕು. ಅರವತ್ತೆರಡರ ನಂಜಮ್ಮ ಇದನ್ನು ತಾಯಿಯಿಂದ ಕಲಿತವರು.

ಈ ಸಲ ತೆನೆಗೆ ಹಾಲಿಳಿದ ದಿನವೇ ಸೊಸೆ ಮೇಘಶ್ರೀ ಮಡಕೆಗೆ ಫಿನಾಯಿಲ್ ಸುರಿದರು. ಮದುವೆಯಾಗಿ ಬಂದು ನಾಲ್ಕು ತಿಂಗಳು. ಮಡಕೆಯಲ್ಲಿ ಇಲಿ ಬಿದ್ದು ಸತ್ತಿದೆ ಎಂದುಕೊಂಡಿದ್ದರು.

"ಅಯ್ಯೋ ನಿನ್ ಮನೆ ಕಾಯ್ವಾಗ! ನಾತ ಓದ್ರೆ ತಿಗ್ಣೆ ಯಾಕವ್ವ ಬತ್ತವೆ?"

"ವಾಂತಿ ಬರಂಗಿತ್ತು ಕಣತ್ತೆ."

ಹೊಸ ಏಡಿ ಕೊಳೆಯಲು ಮತ್ತೆ ನಾಲ್ಕು ದಿನ ಬೇಕು. ಅಷ್ಟರಲ್ಲಿ ತೆನೆ ಜೊಳ್ಳು. ಮನೆಯವರು ವರ್ಷವಿಡೀ ಉಣ್ಣುವ ಅಕ್ಕಿ ಈ ಗದ್ದೆಯದೇ.

ಮರುದಿನ ಬೆಳಗ್ಗೆ ಇಬ್ಬರೂ ತಿಗಣೆಗಳನ್ನು ಬರಿಗೈಯಲ್ಲಿ ಹಿಡಿಯಲು ಗದ್ದೆಗೆ ಇಳಿದರು. ಮುಟ್ಟಿದ ಕೂಡಲೇ ತಿಗಣೆಯ ಎದೆಯ ಗ್ರಂಥಿಯಿಂದ ದ್ರವ ಒಸರುತ್ತದೆ. ಅದರ ವಾಸನೆ ನಮಗೆ ಹೇಸಿಗೆ, ಪಕ್ಕದ ತಿಗಣೆಗಳಿಗೆ ಎಚ್ಚರಿಕೆ. ಒಂದನ್ನು ಹಿಸುಕಿದರೆ ಹತ್ತು ಹಾರಿ ಆಚೆ ತೆನೆಗೆ ಕೂರುತ್ತಿದ್ದವು. ಬಿಸಿಲೇರುವ ಹೊತ್ತಿಗೆ ಬೆರಳುಗಳೆಲ್ಲ ನಾರುತ್ತಿದ್ದವು, ತಿಗಣೆ ಹಾಗೇ ಇದ್ದವು.

ಮೇಘಶ್ರೀ ಕೈ ತೊಳೆದು, ಯಾರಿಗೂ ಹೇಳದೆ ಪೇಟೆಯ ಮೀನಿನಂಗಡಿಗೆ ಹೋದರು. ಅಂಗಡಿಯ ಪಾಲಾಕ್ಷ ನಕ್ಕರು.

"ಎಲ್ರೂ ತಾಜಾ ಕೇಳ್ತಾರೆ, ನೀನ್ಯಾಕವ್ವ ಕೊಳೆತಿರೋ ಕರುಳು ಕೇಳ್ತೀಯ? ನಾಯಿಗಾ?"

"ಗದ್ದೆಗೆ ಕಣಣ್ಣ. ಎಷ್ಟು ನಾರಿದ್ರೆ ಅಷ್ಟು ಒಳ್ಳೇದು."

ಬಸ್ಸಿನಲ್ಲಿ ಚೀಲ ಸೋರಿತು. ಮುಂದಿನ ಸೀಟಿನವರು ಮೂಗಿಗೆ ಸೆರಗು ಒತ್ತಿಕೊಂಡರು. "ಇಳೀರಿ ತಾಯಿ, ಜನ ಉಳೀಬೇಕಲ್ವಾ?" ಎಂದು ಕಂಡಕ್ಟರ್ ಸೀಟಿ ಊದಿದರು. ಉಳಿದ ಎರಡು ಮೈಲಿ ಮೇಘಶ್ರೀ ಚೀಲವನ್ನು ತೋಳುದ್ದ ದೂರ ಹಿಡಿದು ನಡೆದರು. ದಾರಿಯಲ್ಲಿ ಎರಡು ಬಾರಿ ಕಕ್ಕಿದರು.

ನಂಜಮ್ಮ ಚೀಲದ ಬಾಯಿ ಬಿಚ್ಚಿ ಮೂಸಿದರು. "ಏಡಿಗಿಂತ್ಲೂ ಹೊಲಸು. ಆಯ್ತದೆ ಬಿಡು."

ಸಂಜೆಯೇ ಗಂಟು ಕಟ್ಟಿದರು. ಮರುಬೆಳಗ್ಗೆ ಗಂಟಿನ ಬಟ್ಟೆ ಕಾಣದಷ್ಟು ತಿಗಣೆ ಮುತ್ತಿದ್ದವು, ಒಂದರ ಮೇಲೊಂದು ಹರಿದಾಡುತ್ತ. ನಾಲೆಯ ಕಡೆಯ ಮೂಲೆ ಆಗಲೇ ಜೊಳ್ಳಾಗಿತ್ತು. ಉಳಿದ ತೆನೆಗಳಲ್ಲಿ ಹಾಲಿತ್ತು. ಮೇಘಶ್ರೀ ಮೊದಲ ಗಂಟಿಗೆ ಚೀಲ ಹಾಕಿದರು. ಒಳಗಿಂದ ಬಂದ ಘಾಟಿಗೆ ಕಣ್ಣಲ್ಲಿ ನೀರಿಳಿಯಿತು.

"ಮಕ ತಿರುಗಿಸ್ಬ್ಯಾಡ, ಚೀಲದ ಬಾಯಿ ಬಿಗಿಯಾಗ್ ಹಿಡಿ. ಒಂದ್ ಬಿಟ್ರೆ ಎಲ್ಲಾ ಓಯ್ತವೆ!"

ಮೇಘಶ್ರೀ ಹಿಡಿದರು. ಇನ್ನೂ ಹನ್ನೊಂದು ಗಂಟುಗಳಿದ್ದವು.