ದೇವರೇ, ಇವನ ಕೈ ಹಿಡಿಯಪ್ಪಾ

ನನ್ನ ತಮ್ಮನ ಮಗ ಲವೆಲ್, ಮೆಂಫಿಸ್‌ನಲ್ಲಿ ಬಹುಕಾಲ ರಾಕ್ ತಂಡದಲ್ಲಿ ಗಿಟಾರ್ ಬಾರಿಸಿದವನು. ಬೀರುವಿನಷ್ಟು ದೊಡ್ಡ ಸ್ಪೀಕರುಗಳು ಹಿಂದೆ ಗುಡುಗುತ್ತಿದ್ದರೆ ಇವನು ನೆಲಕ್ಕೆ ಬಿದ್ದು ಹೊರಳಾಡಿ ಬಾರಿಸುತ್ತಿದ್ದನಂತೆ. ಬಲಗಿವಿ ಅದಕ್ಕೇ ಮಂದ. ತಂಡದವರು ಜಗಳಾಡಿ ಚೆದುರಿದ ಮೇಲೆ ಮಿಸಿಸಿಪ್ಪಿಗೆ, ನನ್ನ ಮನೆಗೆ ಬಂದ.

"ಅತ್ತೆ, ಇನ್ಮೇಲೆ ನಾನೊಬ್ನೇ. ತಾತ ಹಾಡ್ತಿದ್ದ ಆ ನೋವಿನ ಹಾಡು, ಬ್ಲೂಸೇ ಹಾಡ್ತೀನಿ."

"ತಾತ ಕೂತ್ಕೊಂಡು ಹಾಡ್ತಿದ್ದ ಕಣೋ. ನೀನು ಮೊದ್ಲು ಕೂರೋದು ಕಲಿ."

ಶನಿವಾರ ಸಂಜೆ ಊರವರೆಲ್ಲ ಕರಿದ ಮೀನಿಗೆ ಅರ್ಲೀನಳ ಅಂಗಡಿಯಲ್ಲಿ ಸೇರುತ್ತಾರೆ. ಅಲ್ಲಿ ಹಾಡಲೇ ಎಂದು ಲವೆಲ್ ಕೇಳಿದ್ದಕ್ಕೆ ಅವಳು ಹೇಳಿದ್ದಿಷ್ಟು: "ಒಂದ್ಸಂಜೆ ನೋಡ್ತೀನಿ. ಜನ ನಿಂತ್ರೆ ಪ್ರತಿ ಶನಿವಾರ ನಿಂದೇ. ಎದ್ದು ಹೋದ್ರೆ ನಂಗೆ ನನ್ನ ಹಾಡಿನ ಪೆಟ್ಟಿಗೇನೇ ಸಾಕು." ಲವೆಲ್‌ನನ್ನು ಬೇರೆ ಕಡೆ ಕರೆಯುವವರು ಯಾರೂ ಇರಲಿಲ್ಲ.

ಆ ಸಂಜೆ ಅವನು ತನ್ನ ಸ್ಪೀಕರ್ ಡಬ್ಬ ಪಕ್ಕಕ್ಕಿಟ್ಟುಕೊಂಡು ಕುಳಿತದ್ದೇನೋ ನಿಜ. ಬೆರಳುಗಳು ಕೂರಲಿಲ್ಲ. ತೊಲೆಯ ಮೇಲೆ ಇಲಿ ಓಡಿದ ಹಾಗೆ ತಂತಿಯ ಮೇಲೆ ಓಡಿದವು. ನಮ್ಮ ಚರ್ಚಿನ ಹಿರಿಯ ಹೋಸಿಯಾ ಮೀನಿನ ಮುಳ್ಳು ಬಿಡಿಸುತ್ತ, "ದೇವರೇ, ಇವನ ಕೈ ಹಿಡಿಯಪ್ಪಾ!" ಎಂದ. ಹಿಂದಿನಿಂದ ಇನ್ನಿಬ್ಬರು, "ಹಿಡಿಯಪ್ಪಾ!" ಎಂದರು. ಲವೆಲ್‌ನ ಮುಖ ಅರಳಿತು. ಇನ್ನೂ ಜೋರಾಗಿ ಓಡಿಸಿದ. ಜನ ತಟ್ಟೆ ಹಿಡಿದುಕೊಂಡು ಅಂಗಳಕ್ಕೆ ಹೊರಟರು.

ನಾನು ಹೋಗಿ ಅವನ ಎಡಗಿವಿಗೆ ಬಾಯಿಟ್ಟೆ. "ಲೋ ದಡ್ಡ, ಅದು ಹೊಗಳಿಕೆ ಅಲ್ವೋ! ಪಾದ್ರಿ ಪ್ರಸಂಗದ ಮಧ್ಯ ದಾರಿ ತಪ್ಪಿದ್ರೆ ನಾವು ಹಂಗನ್ನೋದು. ಅದೂ ಮರ್ತೋಯ್ತಾ?"

ಅಷ್ಟರಲ್ಲಿ ಅರ್ಲೀನ್ ಹಾಡಿನ ಪೆಟ್ಟಿಗೆ ಹಚ್ಚಲು ಬಂದಳು. ಅಲ್ಲಿ ಪ್ಲಗ್ ಚುಚ್ಚುವ ಜಾಗ ಇರುವುದೇ ಒಂದು. ಲವೆಲ್‌ನ ಸ್ಪೀಕರಿನದನ್ನು ಕಿತ್ತಳು. ಅಷ್ಟು ಹೊತ್ತು ಗುಡುಗಿದ ಗಿಟಾರ್ ಸೊಳ್ಳೆಯಾಯಿತು.

ಲವೆಲ್‌ಗೆ ಸಿಟ್ಟು ನೆತ್ತಿಗೇರಿತು. ನೆಲದ ಹಲಗೆಗೆ ಕಾಲು ಅಪ್ಪಳಿಸಿದ. ಅಪ್ಪಳಿಸುತ್ತಲೇ ಹೋದ. ಒಂದೇ ತಂತಿ ಮೀಟುತ್ತ, ಗಂಟಲು ಬಿರಿಯುವಂತೆ ಹಾಡಿದ:

"ಮೀನು ತಿನ್ನೋ ಮಾವಯ್ಯ ನನ್ನ ದೇವ್ರಿಗೊಪ್ಪಿಸ್ಬಿಟ್ಟ,
ಅರ್ಲೀನಕ್ಕ ನನ್ನ ಉಸ್ರನ್ನೇ ಗೋಡೆಯಿಂದ ಕಿತ್ಬಿಟ್ಳು..."

ಅಂಗಳದಲ್ಲಿ ಯಾರೋ ಗೊಳ್ಳೆಂದು ನಕ್ಕರು. ನಗು ಮುಗಿಯುವ ಮೊದಲೇ ಕಾಲಿನ ತಾಳಕ್ಕೆ ಚಪ್ಪಾಳೆ ಬಿತ್ತು. ಒಬ್ಬೊಬ್ಬರೇ ಒಳಗೆ ಬಂದರು. ಹೋಸಿಯಾ ಮುಳ್ಳು ಹಿಡಿದ ಕೈಯೆತ್ತಿ ಎದ್ದು ನಿಂತ.

"ನಿಧಾನಕ್ಕೆ ಮಗಾ, ನಿಧಾನಕ್ಕೆ ಹೇಳು!"

ಲವೆಲ್ ಗಾಬರಿಯಿಂದ ನನ್ನತ್ತ ನೋಡಿದ. ಪ್ರಸಂಗ ರಂಗೇರಿದಾಗ ನಾವು ಪಾದ್ರಿಗೆ ಅನ್ನುವ ಮಾತದು; ಈ ಸಲ ನಿಜಕ್ಕೂ ಹೊಗಳಿಕೆ ಎಂದು ನಾನು ತಲೆಯಾಡಿಸಿದೆ.

ಅರ್ಲೀನ್ ಕೈಯಲ್ಲಿ ಹಾಡಿನ ಪೆಟ್ಟಿಗೆಯ ಪ್ಲಗ್ ಇನ್ನೂ ಹಾಗೇ ಇತ್ತು. ಅದನ್ನು ಕೆಳಗೆ ಬಿಟ್ಟು, ಆ ಜಾಗಕ್ಕೆ ಫ್ಯಾನಿನ ಪ್ಲಗ್ ಚುಚ್ಚಿದಳು.

"ಮುಂದಿನ ಶನಿವಾರ ಆ ಸ್ಪೀಕರ್ ಡಬ್ಬ ತರ್ಬೇಡ ಕಣೋ," ಎಂದಳು. "ಜನಕ್ಕೆ ಸೆಕೆ ಆಗುತ್ತೆ."