ನಾನು ಮುರಿಯದ ಕೈಗಳು

ಎಪ್ಪತ್ತರ ದಶಕದಲ್ಲಿ ಎರಡು ವರ್ಷ ನಾನು ಬೈಲಹೊಂಗಲ ಸೀಮೆಯ ಅತ್ಯಂತ ಭಯಂಕರ ವಾಲಿಬಾಲ್ ಆಟಗಾರನಾಗಿದ್ದೆ. ಆ ಎರಡು ವರ್ಷ ನಾನು ಚೆಂಡನ್ನು ಒಮ್ಮೆಯೂ ಮುಟ್ಟಲಿಲ್ಲ. ಎರಡೂ ಮಾತು ನಿಜ. ಎರಡನೆಯದು ನಿಜವಾಗಿದ್ದರಿಂದಲೇ ಮೊದಲನೆಯದು ಉಳಿದುಕೊಂಡಿತ್ತು.

ನಾನಾಗ ಊರಿನ ಅರಳೆ ಜಿನ್ನಿನಲ್ಲಿ, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಯಲ್ಲಿ, ಗುಮಾಸ್ತ. ದೇವರು ನನಗೆ ಆರಡಿ ಎರಡಂಗುಲ ಎತ್ತರ ಕೊಟ್ಟು, ಅದಕ್ಕೆ ತಕ್ಕ ಚುರುಕು ಕೊಡುವುದನ್ನು ಮರೆತಿದ್ದ. ಬಾಗಿಲು ದಾಟುವಾಗ ಮೇಲೆ ತಲೆ, ಕೆಳಗೆ ಹೊಸ್ತಿಲು, ಎರಡನ್ನೂ ಒಟ್ಟಿಗೆ ನೆನಪಿಡುವುದು ನನ್ನಿಂದ ಆಗುತ್ತಿರಲಿಲ್ಲ. ಆದರೂ ವಾಲಿಬಾಲ್ ಅಂದರೆ ಜೀವ. ತಂಡದ ನಾಯಕ ದಸ್ತಗೀರ್ ಭಾಯಿ ನಮ್ಮ ಜಿನ್ನಿನ ಲಾರಿ ಡ್ರೈವರ್. ನನ್ನ ಎತ್ತರಕ್ಕೆ ಮರುಳಾಗಿ ಸೇರಿಸಿಕೊಂಡ.

ಮೊದಲ ಪಂದ್ಯ ಸವದತ್ತಿಯಲ್ಲಿ. ಹಿಂದಿನ ದಿನವಷ್ಟೇ ಲಾರಿಯ ಬಾಗಿಲಿಗೆ ಹೆಬ್ಬೆರಳು ಸಿಕ್ಕು ಬದನೆಕಾಯಿಯಂತೆ ಬಾತಿತ್ತು. ಪಟ್ಟಿ ಕಟ್ಟಿಕೊಂಡು, ನೋವಿಗೆ ಮುಖ ಗಂಟಿಕ್ಕಿ ಗೆರೆಯಾಚೆ ಕುಳಿತಿದ್ದೆ. ಎದುರು ತಂಡದವನೊಬ್ಬ ಕೇಳಿದ: "ಆ ಉದ್ದನ್ನಂವ ಯಾಕ ಸುಮ್ನ ಕುಂತಾನ್ರೀ?"

ದಸ್ತಗೀರ್ ಭಾಯಿ ದನಿ ತಗ್ಗಿಸಿದ. "ಅಂವನ್ನ ಹಂಗೆಲ್ಲಾ ಇಳಸೂದಿಲ್ರಿ. ಹೋದ ಸಲ ಅಂವ ಹೊಡದ ಚೆಂಡ ತಡ್ಯಾಕ ಹೋಗಿ ಒಬ್ಬಂದ ಮಣಿಕಟ್ಟ ಮುರೀತು."

ಸವದತ್ತಿಯವರು ಅಂದು ಒಂದು ಕಣ್ಣು ಚೆಂಡಿನ ಮೇಲೆ, ಇನ್ನೊಂದು ಕಣ್ಣು ನನ್ನ ಮೇಲೆ ಇಟ್ಟು ಆಡಿದರು. ಸೋತರು.

ಆಮೇಲೆ ಸುದ್ದಿ ಅರಳೆಯ ಜೊತೆ ಲಾರಿ ಹತ್ತಿತು. ಕಿತ್ತೂರಿನ ಹೆದ್ದಾರಿಯ ಚಹಾದಂಗಡಿಯಲ್ಲಿ ಮುರಿದ ಕೈ ಎರಡಾಯಿತು. ರಾಮದುರ್ಗ ಮುಟ್ಟುವಷ್ಟರಲ್ಲಿ, ನನ್ನ ಹೊಡೆತ ತಿಂದ ಒಬ್ಬನಿಗೆ ಕಿವಿಯೂ ಕೇಳಿಸುತ್ತಿರಲಿಲ್ಲ. ಬೈಲಹೊಂಗಲದ ತಂಡವೆಂದರೆ ಆಡುವ ಆರು ಜನವಲ್ಲ, ಆಡದ ಒಬ್ಬ ಎಂದಾಯಿತು. ಹೋದ ಊರಿನಲ್ಲೆಲ್ಲ ನನಗೇ ಮೊದಲ ಚಹಾ.

ಆದರೆ ಬೆರಳು ವಾಸಿಯಾದ ಮೇಲೂ ನನ್ನನ್ನು ಮೈದಾನಕ್ಕೆ ಬಿಡಲಿಲ್ಲ. "ನೀ ಪ್ರ್ಯಾಕ್ಟೀಸಿಗೆ ಬರಬ್ಯಾಡ ಬಸಣ್ಣಾ. ಯಾರರ ನೋಡಿದ್ರ ಎಲ್ಲಾ ಮುಗದ ಹೋಕ್ಕೈತಿ," ಎಂದ ಭಾಯಿ. ಸಂಜೆ ಮೈದಾನದಿಂದ ಚೆಂಡಿನ ಸಪ್ಪಳ ಕೇಳಿ ಬರುವಾಗ ನಾನು ಮನೆಯಲ್ಲಿ ಅವ್ವನಿಗೆ ಶೇಂಗಾ ಸುಲಿದು ಕೊಡುತ್ತಿದ್ದೆ.

ಪುರಾಣಗಳಲ್ಲಿ ಒಂದೇ ಸಲ ಬಿಡಬಹುದಾದ ಅಸ್ತ್ರಗಳಿರುತ್ತವೆ. ಅಂಥದು ಬತ್ತಳಿಕೆಯಲ್ಲಿರುವ ತನಕ ಶತ್ರುವಿಗೆ ನಿದ್ದೆಯಿಲ್ಲ. ಆದರೆ ಆ ಅಸ್ತ್ರಕ್ಕೆ ಏನನಿಸುತ್ತಿತ್ತು ಎಂದು ಯಾವ ಪುರಾಣಿಕರೂ ವಿಚಾರಿಸಿದ್ದನ್ನು ನಾನು ಕೇಳಿಲ್ಲ. ಅನುಭವದಿಂದ ಹೇಳುತ್ತೇನೆ: ಅದಕ್ಕೆ ಬಹಳ ಬೇಸರ. ಅದಕ್ಕಿಂತ ಹೆಚ್ಚಾಗಿ, ಒಂದು ದಿನ ಬಿಟ್ಟೇಬಿಡುತ್ತಾರಲ್ಲ ಎಂಬ ದಿಗಿಲು.

ಬಿಟ್ಟರು. ಸುರೇಬಾನದಲ್ಲಿ, ಕೊನೆಯ ಆಟ ಸಮಸಮ ನಡೆದಿದ್ದಾಗ ನಮ್ಮವನೊಬ್ಬನ ಕಾಲು ಉಳುಕಿತು. ಹೊರಗೆ ಇದ್ದವನು ನಾನೊಬ್ಬನೇ. ದಸ್ತಗೀರ್ ಭಾಯಿ ನನ್ನತ್ತ ತಿರುಗಿದ. "ಏಳ್ ಬಸಣ್ಣಾ. ವ್ಯಾಳ್ಯಾ ಬಂತು." ಅವನ ಮುಖದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ.

ನಾನು ಒಳಗೆ ಕಾಲಿಟ್ಟೊಡನೆ ಸುರೇಬಾನದವರು ಎರಡು ಹೆಜ್ಜೆ ಹಿಂದೆ ಸರಿದರು. ನನ್ನಿಂದ ದೂರ ಚೆಂಡು ಹೊಡೆಯಲು ಹೋಗಿ ಗೆರೆಯಾಚೆ ಹೊಡೆದರು. ಹೊಲದ ಬೆದರುಗೊಂಬೆಯಂತೆ ನಿಂತೇ ನಾನು ಮೂರು ಪಾಯಿಂಟ್ ಗಳಿಸಿಕೊಟ್ಟೆ. ಗೆಲ್ಲಲು ಇನ್ನೊಂದೇ ಬೇಕಿತ್ತು. ಆಗ ದಸ್ತಗೀರ್ ಭಾಯಿ ತಾನೇ ಚೆಂಡನ್ನು ನೆಟ್ಟಿನ ಮೇಲೆ, ನನ್ನ ತಲೆಗೆ ಸರಿಯಾಗಿ, ಮೆತ್ತಗೆ ಎತ್ತಿಕೊಟ್ಟ. ಹಾರಿದೆ. ಕೈ ಬೀಸಿದಾಗ ಚೆಂಡು ಬಂದಿರಲಿಲ್ಲ. ಚೆಂಡು ಬಂದಾಗ ಕೈ ಹೋಗಿಬಿಟ್ಟಿತ್ತು. ಅದು ನನ್ನ ಹಣೆಗೆ ಬಡಿದು ನಮ್ಮ ಕಡೆಗೇ ಬಿತ್ತು.

ಬಂಡಿಯ ಮೇಲೆ ಕುಳಿತು ನೋಡುತ್ತಿದ್ದ ಮುದುಕಿಯೊಬ್ಬಳು ಕೂಗಿದಳು: "ಅಯ್ಯ ಶಿವನ! ಇದಕ್ಕ ಹೆದರಿದ್ರೇನೋ ನೀವು?"

ಊರೇ ನಕ್ಕಿತು. ಸುರೇಬಾನದವರು ನೆಟ್ಟಿನ ಹತ್ತಿರ ಬಂದು ನಿಂತರು. ನಾವು ಸೋತೆವು.

ಮರಳಿ ಬರುವಾಗ ಲಾರಿಯಲ್ಲಿ ಭಾಯಿ ಪಕ್ಕ ಕುಳಿತಿದ್ದೆ. ಅರ್ಧ ದಾರಿಗೆ ನಾನೇ ಬಾಯಿಬಿಟ್ಟೆ. "ತಪ್ಪಾತು ಭಾಯಿ. ನನಗ ಹೊಡ್ಯಾಕ ಬರೂದಿಲ್ಲ. ಮೊದಲಿಂದನೂ ಬರೂದಿಲ್ಲ."

ಅವನು ಲಾರಿಯನ್ನು ದಂಡೆಗೆ ನಿಲ್ಲಿಸಿ ನನ್ನನ್ನು ದಿಟ್ಟಿಸಿದ. "ಆ ಸುಳ್ಳ ಹುಟ್ಟಿಸಿದಂವ ನಾನ. ಹೇಳಿ ಹೇಳಿ ನಾನೂ ನಂಬಿಬಿಟ್ಟಿದ್ನಲ್ಲೋ!" ಎಂದವನೇ ಸ್ಟೇರಿಂಗಿಗೆ ಹಣೆ ಹಚ್ಚಿ ನಗತೊಡಗಿದ. "ಊರಿಗೊಂದ ಕೈ ಮುರದು ಮುರದು ನನಗೂ ಸಾಕಾಗಿತ್ತ ನೋಡು." ನಾನೂ ನಕ್ಕೆ. ಏನಾಯಿತೆಂದು ತಿಳಿಯದೆ ಹಿಂದೆ ಕುಳಿತವರು ಕ್ಯಾಬಿನ್ ಬಡಿದರು. ಎರಡು ವರ್ಷದಿಂದ ಎದೆಯ ಮೇಲಿದ್ದ ಅರಳೆ ಅಂಡಿಗೆಯ ಭಾರವನ್ನು ಯಾರೋ ಇಳಿಸಿದಂತಾಯಿತು.

ಮರುದಿನ ಸಂಜೆ ಎಲ್ಲರೆದುರು ಮೈದಾನಕ್ಕೆ ಹೋದೆ. ಹೆದರುವ ಜನ ನಮಗೆ ಚಹಾ ಕೊಡುತ್ತಾರೆ, ಆದರೆ ಪಕ್ಕ ಕೂಡುವುದಿಲ್ಲ. ಈಗ ಸಿಕ್ಕಸಿಕ್ಕವರೆಲ್ಲ "ಮೊಣಕಾಲ ಬಗ್ಗಸು, ಕಣ್ಣ ಮುಚ್ಚಬ್ಯಾಡ" ಎಂದು ಬೈಯುತ್ತಿದ್ದರು. ಆ ಬೈಗುಳ ಎಷ್ಟು ಹಿತವಾಗಿತ್ತು!

ಕೆಲವು ತಿಂಗಳ ಮೇಲೆ ಕಿತ್ತೂರಿನವರು ನಮ್ಮೂರಿಗೆ ಆಡಲು ಬಂದರು. ಸುರೇಬಾನದ ಕಥೆ ಅವರಿಗೂ ಮುಟ್ಟಿತ್ತು. ಎಲ್ಲ ಚೆಂಡೂ ಉದ್ದನೆಯವನಿಗೇ ಎಂದು ನಿಶ್ಚಯ ಮಾಡಿಕೊಂಡೇ ಬಂದಿದ್ದರು. ಒಂದರ ಹಿಂದೆ ಒಂದು ನನ್ನ ಮೇಲೆಯೇ ಬಂದವು. ಹಲವು ಬಿಟ್ಟೆ, ಕೆಲವು ಎದೆಗೆ, ಭುಜಕ್ಕೆ ತಾಗಿ ಹೇಗೋ ಮೇಲೆದ್ದವು, ಕಡೆಕಡೆಗೆ ನಾಲ್ಕೈದನ್ನು ಚೆನ್ನಾಗಿಯೇ ಎತ್ತಿದೆ. ಗೆದ್ದೆವು ಎಂದರೆ ಕಥೆ ಚೆಂದವಾಗುತ್ತದೆ. ಸ್ವಲ್ಪದರಲ್ಲಿ ಸೋತೆವು.

ಆಟ ಮುಗಿದ ಮೇಲೆ ಅವರ ನಾಯಕ ಬಂದು ನನ್ನ ಕೈ ಕುಲುಕಿದ. "ಚೊಲೋ ಎತ್ತಾಕ ಹತ್ತೀರಿ. ಮುಂದಿನ ಸಲ ನಿಮ್ಮ ಕಡೆ ಹೊಡ್ಯೂದಿಲ್ರಿ."

ನನಗೆ ಗಾಬರಿಯಾಯಿತು.

"ಹಂಗ ಮಾಡಬ್ಯಾಡ್ರಿ," ಅಂದೆ. "ಹೊಡೀರಿ."